ನಿನ್ನೆಯ ಬ್ರೆಡ್ಡು

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಎಲ್ಲರೂ ಊಟಕ್ಕೆ ಕೂತ ಮೇಲೆ ಮೈದುನ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಗಂಟಲು ಸರಿಮಾಡಿಕೊಂಡು ಓದತೊಡಗಿದ.

“‘ಒಂದು ಮುಂಜಾನೆ, ಒಲೆಯಿಂದ ಆಗತಾನೇ ಇಳಿದ ಬಿಸಿ ಬ್ರೆಡ್ಡಿನ ಪರಿಮಳಕ್ಕೆ ನಮ್ಮ ತಂದೆಯವರ ಮನಸ್ಸಿನಲ್ಲಿ ಒಂದು ಹೊಸ ಯೋಚನೆ ಮೂಡಿತು...’”

“ಸೂಪು ಆರುತ್ತೆ,” ಎಂದಳು ಹಿರಿಸೊಸೆ. ಎಲ್ಲರಿಗೂ ಬಡಿಸಿ ಆಗಿತ್ತು. ಅವಳು ಇನ್ನೂ ಸೌಟು ಹಿಡಿದು ನಿಂತೇ ಇದ್ದಳು.

“ಒಂದ್ನಿಮಿಷ ಅತ್ತಿಗೆ, ಮುಖ್ಯವಾದ್ದು ಈಗ ಬರುತ್ತೆ. ‘ಆ ಯೋಚನೆಯೇ ಇಂದು ಜನ ಸಾಲುಗಟ್ಟಿ ಕೊಳ್ಳುವ ಅದುಮಿದ ಸ್ಯಾಂಡ್‌ವಿಚ್. ತಂದೆಯ ಕೈಚಳಕ, ಮಕ್ಕಳ ನಿಷ್ಠೆ.’ ಹೇಗಿದೆ? ನಾಳೆ ಪೇಂಟರ್ ಕೈಗೆ ಕೊಡ್ತೀನಿ. ಆರಡಿ ಬೋರ್ಡು. ಹೊಸ ಅಂಗಡಿ ಬಾಗಿಲು ದಾಟಿದ ತಕ್ಷಣ ಕಣ್ಣಿಗೆ ಹೊಡೀಬೇಕು.”

“ಮಕ್ಕಳು ಅಂದ್ರೆ ಯಾರು ಚಿಕ್ಕಪ್ಪ?” ಹಿರಿಸೊಸೆಯ ಮಗಳು ಆಲೂಗಡ್ಡೆ ಹಿಸುಕುತ್ತ ಕೇಳಿದಳು. ಹದಿನೆಂಟು ತುಂಬಿದ ಮೇಲೆ ಅವಳ ನಾಲಿಗೆಗೆ ಮನೆಯಲ್ಲಿ ಯಾರಿಂದಲೂ ಲಗಾಮು ಹಾಕಲಾಗಿರಲಿಲ್ಲ. “ನೀವು ಇಷ್ಟು ವರ್ಷ ಗೋಡೌನಲ್ಲಿ ಟಯರು ಎಣಿಸ್ತಿದ್ರಲ್ಲ?”

“ನಿಷ್ಠೆಯಿಂದಾನೇ ಎಣಿಸ್ದೆ ಕಣೆ.”

ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, “ಚೆನ್ನಾಗಿ ಬರ್ದಿದ್ದೀಯ ಮಗಾ. ಅವರೇ ಎದುರಿಗೆ ನಿಂತ ಹಾಗಾಯ್ತು,” ಎಂದರು.

“ಬಿಸಿ ಬ್ರೆಡ್ಡಾ?” ಎಂದಳು ಹಿರಿಸೊಸೆ.

ಅತ್ತೆ ಚಮಚ ಕೆಳಗಿಟ್ಟರು. “ನೀನು ಕೂತ್ಕೊಂಡು ಊಟ ಮಾಡು. ನಿಂತು ತಿಂದ್ರೆ ಮೈಗೆ ಹತ್ತಲ್ಲ.”

“ನಾನಿನ್ನೂ ಬಡಿಸ್ಕೊಂಡೇ ಇಲ್ಲ ಅತ್ತೆ.”

“ಬಡಿಸ್ಕೋ ಮತ್ತೆ. ಯಾರು ಬೇಡ ಅಂದ್ರು?”

ಪಾತ್ರೆಯ ತಳದಲ್ಲಿ ಉಳಿದ ಸೂಪನ್ನು ಬಗ್ಗಿಸಿಕೊಂಡು ಅವಳು ಮೇಜಿನ ಮೂಲೆಯಲ್ಲಿ ಕೂತಳು. ಕೂತ ಮೇಲೆ ಕಾಲು ಎಷ್ಟು ನೋಯುತ್ತಿದೆ ಎಂದು ಗೊತ್ತಾಯಿತು.

ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಅಂಗಡಿಯಲ್ಲಿ ಬ್ರೆಡ್ಡು, ಚೀಸ್, ಉಪ್ಪು ಹಾಕಿ ಒಣಗಿಸಿದ ಮಾಂಸ, ವಿನೆಗರಿನಲ್ಲಿ ಮುಳುಗಿಸಿದ ಸೌತೆಕಾಯಿಯ ಜಾಡಿಗಳು. ಆದರೆ ಹನ್ನೊಂದು ಗಂಟೆಯ ಸಾಲು ನಿಲ್ಲುತ್ತಿದ್ದುದು ಇವು ಯಾವುದಕ್ಕೂ ಅಲ್ಲ. ಬಸ್ಸಿನ ಡ್ರೈವರುಗಳು, ಆಸ್ಪತ್ರೆಯ ನರ್ಸುಗಳು, ಬ್ಯಾಂಕಿನ ಗುಮಾಸ್ತರು ಗಾಜಿನ ಮೇಲೆ ಬಾಗಿ, “ಎರಡು ಅದುಮಿದ್ದು ಕೊಡಿ” ಎನ್ನುತ್ತಿದ್ದರು. ದುಂಡು ಬ್ರೆಡ್ಡಿನ ಹೊಟ್ಟೆ ಬಗೆದು, ಒಳಗೆ ಮಾಂಸದ ರಸ ಸುರಿದು, ಎಳೆ ಎಳೆಯಾಗಿ ಸೀಳಿದ ಮಾಂಸ, ಕಂದು ಬಣ್ಣಕ್ಕೆ ಬಾಡಿಸಿದ ಈರುಳ್ಳಿ, ಸುಟ್ಟು ಸಿಪ್ಪೆ ತೆಗೆದ ಬದನೆಕಾಯಿ ತುಂಬಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಳೆಯ ತಕ್ಕಡಿಯ ಕಬ್ಬಿಣದ ತೂಕದ ಬಟ್ಟುಗಳ ಕೆಳಗೆ ಮೂರು ಗಂಟೆ ಇಟ್ಟರೆ ಅದು ಸಿದ್ಧ. ಹೊರಗೆ ಗಟ್ಟಿ, ಒಳಗೆ ಬೆಣ್ಣೆ. ಹಿರಿಮಗ, ಅಂದರೆ ಅವಳ ಗಂಡ, ಮುಂದೆ ನಿಂತು ಮಾರುತ್ತಿದ್ದ. ಅವಳು ಹಿಂದಿನ ಕೋಣೆಯಲ್ಲಿ ಮಾಡುತ್ತಿದ್ದಳು. ಅತ್ತೆ ಎತ್ತರದ ಕುರ್ಚಿಯಲ್ಲಿ ಕೂತು, ಯಾರಾದರೂ ಹೊಸಬರು ಬಂದರೆ, ತಮ್ಮ ಗಂಡನಿಗೆ ಒಂದು ಮುಂಜಾನೆ ಹೊಳೆದ ಯೋಚನೆಯ ಕಥೆ ಹೇಳುತ್ತಿದ್ದರು.

ಆದದ್ದು ಬೇರೆ. ಹನ್ನೆರಡು ವರ್ಷದ ಕೆಳಗೆ ಮಾವನ ವಸಡಿಗೆ ರೋಗ ಬಂದು ಒಂದೇ ವರ್ಷದಲ್ಲಿ ಬಾಯಿ ಬರಿದಾಯಿತು. ಆಳು ಆರಡಿ, ದನಿ ಬೀದಿಯ ಆ ತುದಿಗೆ ಕೇಳುವಂಥದ್ದು. ಯಾರಿಗೂ ತಿಳಿಯದಂತೆ ಕಟ್ಟಿಸಿದ ಹಲ್ಲು ಒತ್ತಿ ಒತ್ತಿ ಬಾಯೆಲ್ಲ ಹುಣ್ಣು. ಗಂಜಿ ಕಾಯಿಸಿ ಕೊಟ್ಟರೆ ತಟ್ಟೆ ತಳ್ಳಿ, “ನಾನೇನು ತೊಟ್ಟಿಲಲ್ಲಿದ್ದೀನಾ?” ಅನ್ನುತ್ತಿದ್ದರು. ಅಂಗಡಿಯವನು ಗಿರಾಕಿಗಳೆದುರು ನಿಂತು, ಗಿರಾಕಿ ತಿನ್ನುವುದನ್ನೇ ತಿನ್ನಬೇಕು ಅನ್ನುವುದು ಅವರ ಹಟ. ದಿನದಿಂದ ದಿನಕ್ಕೆ ಅಂಗಿ ಮೈಮೇಲೆ ಜೋಲುಬೀಳತೊಡಗಿತು. ಆಗ ಹಿರಿಸೊಸೆಗೆ ಇಪ್ಪತ್ತೆಂಟು. ಮೆತ್ತಗೂ ಇರಬೇಕು, ಸ್ಯಾಂಡ್‌ವಿಚ್ಚಿನ ಹಾಗೆ ಕಾಣಲೂ ಬೇಕು. ಇವತ್ತಿನ ಬ್ರೆಡ್ಡು ಮಾರಾಟಕ್ಕೆ, ಮನೆಗೆ ನಿನ್ನೆ ಉಳಿದದ್ದು ಎಂಬುದು ಅತ್ತೆಯ ಕಟ್ಟಳೆ. ಹಾಗಾಗಿ ಅವಳು ಒಣಕಲು ಬ್ರೆಡ್ಡಿಗೆ ರಸ ಕುಡಿಸಿದಳು, ಮಾಂಸವನ್ನು ಜಜ್ಜಿ ಸೀಳಿದಳು, ಗಟ್ಟಿ ಸಿಪ್ಪೆ ನೆನೆಯಲೆಂದು ಭಾರ ಹೇರಿದಳು. ನಾಲ್ಕು ದಿನ ಕೆಟ್ಟಿತು. ಐದನೆಯ ದಿನ ಮಾವ ಗಾಜಿನ ಕಪಾಟಿನ ಹಿಂದೆ ನಿಂತು ಪೂರ್ತಿ ತಿಂದರು. ಸಾಲಿನಲ್ಲಿದ್ದ ಪೋಸ್ಟ್‌ಮನ್, “ಅದೇನು ಯಜಮಾನ್ರೇ, ನನಗೂ ಒಂದು ಕೊಡಿ,” ಎಂದ. ಹಲ್ಲಿಲ್ಲದವನ ಊಟ ಎನ್ನಲು ಮಾವನಿಗೆ ಬಾಯಿ ಬರಲಿಲ್ಲ. “ಇದಾ? ಹೊಸದು. ಬಹಳ ದಿನದಿಂದ ಯೋಚನೆ ಮಾಡ್ತಿದ್ದೆ,” ಎಂದರು. ಸಂಜೆಯೊಳಗೆ ಐದು ಜನಕ್ಕೆ ಹೇಳಿದ್ದರು. ತಿಂಗಳು ಕಳೆಯುವುದರೊಳಗೆ ತಾವೇ ನಂಬಿಬಿಟ್ಟಿದ್ದರು.

ಆಗ ಅವಳಿಗೆ ಅದು ಬೇಸರವೇನೂ ಆಗಿರಲಿಲ್ಲ. ಮನುಷ್ಯ ಹೊಟ್ಟೆ ತುಂಬ ತಿಂದು ಮತ್ತೆರಡು ವರ್ಷ ಬದುಕಿದರು. ಬಾಯಿಮಾತು ಗಾಳಿಗೆ ಹೋಗುವಂಥದ್ದು. ಆದರೆ ಈಗ ಆರಡಿ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸುತ್ತಾರೆ. ಬಣ್ಣ ಒಣಗಿದ ಮೇಲೆ ಅದೇ ಸತ್ಯ. ಅದಕ್ಕೆ ಮೊದಲು ಒಂದೇ ಒಂದು ಸಲ, ನಾಲ್ಕು ಜನರೆದುರು, ಇದನ್ನು ಇವಳು ಮಾಡಿದಳು ಎಂದು ಈ ಮನೆಯ ಯಾರಾದರೂ ಹೇಳಲಿ ಅನ್ನಿಸಿತು. ಹೆಚ್ಚೇನೂ ಬೇಕಿರಲಿಲ್ಲ.

ಆ ಸಂಜೆ ಪಾತ್ರೆ ತೊಳೆಯುವಾಗ ಗಂಡ ಒರೆಸಲು ಬಂದ.

“ನಿಮಗೆ ಗೊತ್ತಲ್ಲ,” ಎಂದಳು.

“ಏನು?”

“ಮಾಡಿದ್ದು ಯಾರು ಅಂತ.”

“ಗೊತ್ತು.” ಅವನು ಒಂದು ತಟ್ಟೆಯನ್ನು ಎರಡು ಸಲ ಒರೆಸಿದ. “ಈಗ ಸತ್ತೋರನ್ನ ಬೋರ್ಡಿಂದ ಇಳಿಸಿ ನಿನ್ನ ಹತ್ತಿಸೋಕಾಗುತ್ತಾ? ಹೋಗ್ಲಿ ಬಿಡು.”

“ನೀವು ಹೋಗ್ಲಿ ಬಿಡು ಅಂದಾಗೆಲ್ಲ ಹೋಗಿದ್ದು ನನ್ನದೇ.”

“ಅಮ್ಮನ ವಯಸ್ಸು ನೋಡು.”

“ನನ್ನ ಭುಜ ನೋಡಿ.”

ಅವನು ನೋಡಲಿಲ್ಲ. ತಟ್ಟೆ ಜೋಡಿಸಿಟ್ಟು ಮೀನಿನ ತೊಟ್ಟಿಗೆ ಆಹಾರ ಹಾಕಲು ಹೋದ. ಜಗಳದ ವಾಸನೆ ಬಂದರೆ ಅವನಿಗೆ ಮೀನುಗಳ ಹಸಿವು ನೆನಪಾಗುತ್ತಿತ್ತು.

ಮೈದುನ ಕೆಲಸ ಕಲಿಯಲು ಎರಡು ದಿನ ಬಂದ. ಗೋಡೌನು ಮುಚ್ಚಿದ ಮೇಲೆ ಅವನಿಗೆ ಉಳಿದದ್ದು ಹೊಸ ಅಂಗಡಿಯೊಂದೇ ದಾರಿ. ಅದು ಅವಳಿಗೂ ಗೊತ್ತಿತ್ತು. ಆರು ಗಂಟೆಗೆ ನೋಟ್‌ಬುಕ್ಕು, ಎರಡು ಪೆನ್ನು ಹಿಡಿದು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತ. ಅವಳು ಐದಕ್ಕೇ ಇಳಿದು, ಗೋಣಿಚೀಲದಲ್ಲಿದ್ದ ನಿನ್ನೆಯ ನಲವತ್ತು ಬ್ರೆಡ್ಡುಗಳ ಹೊಟ್ಟೆ ಬಗೆದು ಬಟ್ಟೆ ಮುಚ್ಚಿಟ್ಟಿದ್ದಳು. ಹಳೆಯ ಬ್ರೆಡ್ಡಿನ ಕೆಲಸ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಮುಗಿಯಬೇಕು, ಪರರ ಕಣ್ಣಿಗೆ ಬೀಳಬಾರದು ಎಂಬುದು ಅತ್ತೆ ಹನ್ನೆರಡು ವರ್ಷದಿಂದ ನಡೆಸಿಕೊಂಡು ಬಂದ ಪದ್ಧತಿ. ಆರೂಕಾಲಿಗೆ ಬೇಕರಿಯ ಗಾಡಿ ಬಂದು ನಲವತ್ತು ಹೊಸ ಬ್ರೆಡ್ಡು ಇಳಿಸಿತು. ಅವು ನಾಳೆಗೆ. ಮೈದುನ ಬಂದದ್ದನ್ನು ಎಣಿಸಿದ. ಮಧ್ಯಾಹ್ನ ಮಾರಿದ್ದನ್ನೂ ಎಣಿಸಿದ. ನಲವತ್ತು, ನಲವತ್ತು. ಟಯರು ಎಣಿಸಿದವನಿಗೆ ಲೆಕ್ಕ ತಾಳೆಯಾದರೆ ಸಾಕಿತ್ತು.

“ಬ್ರೆಡ್ಡು ಈಗ ಬಂದಿದ್ದೇ ತಾನೇ?” ಎಂದು ಪೆನ್ನೆತ್ತಿ ಕೇಳಿದ.

ಹಿರಿಸೊಸೆಯ ಎರಡೂ ಕೈ ಈರುಳ್ಳಿಯಲ್ಲಿದ್ದವು. ಅವಳು ತಲೆಯೆತ್ತಿದಳು. ಅಷ್ಟರಲ್ಲಿ ಅತ್ತೆ ಎತ್ತರದ ಕುರ್ಚಿಯಿಂದಲೇ, “ಮತ್ತೇನು, ಹೋದ ವರ್ಷದ್ದಾ?” ಎಂದರು.

“ಕೇಳ್ದೆ ಅಷ್ಟೆ ಅಮ್ಮ. ಅಪ್ಪ ಹೇಳ್ತಿದ್ದದ್ದೂ ಅದೇ. ಬಿಸಿ ಬ್ರೆಡ್ಡು.” ಅವನು ಬರೆದುಕೊಂಡು ಅಡಿಗೆರೆ ಎಳೆದ.

ಅತ್ತೆ ಸೊಸೆಯನ್ನು ನೋಡಿದರು. ಸೊಸೆ ಅತ್ತೆಯನ್ನು ನೋಡಿದಳು. ಮೂರು ಮಾತಿನ ಕೆಲಸ. ಅವಳು ಆಡಲಿಲ್ಲ. ಕಣ್ಣಲ್ಲಿ ನೀರು ಬಂತು, ಈರುಳ್ಳಿಯದ್ದು. ಮತ್ತೆ ಹೆಚ್ಚತೊಡಗಿದಳು.

ಎರಡನೆಯ ದಿನ ವಾರಗಿತ್ತಿಯೂ ಬಂದಳು, ಮೈದುನನ ಹೆಂಡತಿ. ತೆಳ್ಳಗಿನ, ಸುಮ್ಮನಿರಲಾಗದ ಹೆಂಗಸು. “ಅಕ್ಕ, ಇಷ್ಟು ರಸ ಹಾಕಿದ್ರೆ ಹೊಸ ಬ್ರೆಡ್ಡು ಹರಿದು ಹೋಗಲ್ವಾ?” ಎಂದು ಕೇಳಿದಳು.

“ಎಲ್ಲಾ ನಿಮ್ಮೆಜಮಾನ್ರು ಬರ್ಕೊಂಡಿದ್ದಾರೆ,” ಎಂದಳು ಹಿರಿಸೊಸೆ. ಹಾಗೆಂದ ಮೇಲೆ ಇಡೀ ದಿನ ಬಾಯಲ್ಲಿ ಏನೋ ಕಹಿ.

ಹೊಸ ಅಂಗಡಿ ಸೋಮವಾರ ತೆರೆಯಿತು, ಊರಿನ ಆ ಬದಿ, ರೈಲ್ವೆ ಸ್ಟೇಷನ್ನಿನ ಎದುರು. ಹಳೆಯ ಅಂಗಡಿ ಬಿಟ್ಟು ಹೋಗಲು ಹಿರಿಸೊಸೆಗೆ ಆಗಲಿಲ್ಲ, ಅತ್ತೆ ಮತ್ತು ಮಗಳು ಹೋಗಿ ಬಂದರು. ಬೆಳಗ್ಗೆ ಹೊಸ ಸೀರೆ ಉಟ್ಟು ಹೊರಟಿದ್ದ ಅತ್ತೆ ಮೂರು ಗಂಟೆಗೆ ವಾಪಸು ಬಂದು, ಹದಿನಾಲ್ಕು ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿ, ತಲೆನೋವೆಂದು ಮಲಗಿದರು.

“ಏನಾಯ್ತೇ?”

ಮಗಳು ಚಪ್ಪಲಿ ಒದ್ದು ಕಳಚಿದಳು. “ನೂರೈವತ್ತು ಮಾಡಿದ್ರು. ಬಟ್ಟೆ ಬಿಚ್ಚಿದ್ರೆ ಅಂಬಲಿ. ಬ್ರೆಡ್ಡು ಬಟ್ಟೆಗೆ ಅಂಟ್ಕೊಂಡು ಬಂತು, ಮಾಂಸ ಒಂದ್ಕಡೆ, ಬದನೆಕಾಯಿ ಒಂದ್ಕಡೆ. ಚಿಕ್ಕಪ್ಪ ಚಮಚ ಕೊಟ್ಟು ತಿನ್ನಿ ಅಂದ್ರು. ಒಬ್ಬ ಗಡ್ಡದೋನು ಬೋರ್ಡನ್ನ ಜೋರಾಗಿ ಓದಿ, ತಟ್ಟೆ ತೋರಿಸಿ ಕೇಳ್ದ, ‘ಇದೇನಾ ತಂದೆ ಕೈಚಳಕ?’ ಅಂತ. ಎಲ್ಲಾ ನಕ್ರು. ಚಿಕ್ಕಮ್ಮ ಹಿಂದೆ ಹೋಗಿ ಅತ್ರು.” ಚಪ್ಪಲಿಯನ್ನು ಮೂಲೆಗೆ ಸರಿಸಿ, “ನಿನಗೆ ಗೊತ್ತಿತ್ತು ಅಲ್ವಾ ಅಮ್ಮ?” ಎಂದಳು.

ವಾರಗಿತ್ತಿ ಹಿಂದೆ ಹೋಗಿ ಅತ್ತದ್ದು ಎಂಥ ಜಾಗದಲ್ಲಿ ಎಂದು ಹಿರಿಸೊಸೆಗೆ ಗೊತ್ತಿತ್ತು. ಎಲ್ಲ ಅಂಗಡಿಗಳ ಹಿಂಬದಿಯೂ ಒಂದೇ ಥರ. ಒಂದು ನಲ್ಲಿ, ಒಂದು ಬಕೆಟ್ಟು, ಕೂರಲು ಮಗುಚಿದ ಡಬ್ಬ.

ಬುಧವಾರ ಅಂಗಡಿಯ ವಾರದ ರಜೆ. ಅವಳು ನೆಲ ಒರೆಸುತ್ತಿದ್ದಾಗ ಮೈದುನ ಮೆಟ್ಟಿಲು ದಡದಡ ಹತ್ತಿ ಬಂದ. ಹಿಂದೆಯೇ ವಾರಗಿತ್ತಿ. ಅವನು ಒದ್ದೆ ನೆಲವನ್ನು ತುಳಿದೇ ಒಳಗೆ ಬಂದು ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಸಾಡಿದ.

“ಇದ್ರಲ್ಲಿ ಏನು ತಪ್ಪಿದೆ ಹೇಳಿ ಅತ್ತಿಗೆ. ಮೂರು ದಿನದಿಂದ ಅದೇ ಗತಿ. ಈರುಳ್ಳಿ ಎಷ್ಟು ಹೊತ್ತು ಅಂತ ಬರ್ದಿದ್ದೀನಿ. ಭಾರ ಎಷ್ಟು ಅಂತ ಬರ್ದಿದ್ದೀನಿ. ಏನೋ ಮುಚ್ಚಿಟ್ಟಿದ್ದೀರಿ ನೀವು.”

“ನಾನಾ?”

“ಮತ್ಯಾರು? ನಾನು ಉದ್ಧಾರ ಆಗ್ಬಿಟ್ರೆ ನಿಮಗೆ ಹೊಟ್ಟೆ ಉರಿ.”

“ಏಯ್,” ಎಂದ ಗಂಡ ಮೀನಿನ ತೊಟ್ಟಿಯ ಕಡೆಯಿಂದ. ಅಷ್ಟೇ ಎಂದ.

ಅವಳು ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿ, ಸೊಂಟ ಹಿಡಿದು ಎದ್ದು ನಿಂತಳು. “ಬ್ರೆಡ್ಡು ಯಾವ್ದು ಅಂತ ನೀವು ಕೇಳಿದ್ರಿ. ಉತ್ತರ ಕೊಟ್ಟಿದ್ದು ನಾನಲ್ಲ. ಅತ್ತೆ ಮಾತಿನ ಮೇಲೆ ಮಾತಾಡ್ಬೇಡ ಅಂತ ಈ ಮನೆಗೆ ಬಂದ ವಾರದಲ್ಲೇ ಎಲ್ಲರೂ ಹೇಳ್ಕೊಟ್ಟಿದ್ದೀರಿ. ಸುಮ್ನಿದ್ದೆ. ಸುಮ್ನಿದ್ದದ್ದು ತಪ್ಪು, ಒಪ್ಕೋತೀನಿ.” ಅದನ್ನು ಅವಳು ವಾರಗಿತ್ತಿಯ ಮುಖ ನೋಡಿ ಹೇಳಿದಳು.

“ನಿನ್ನೆ ಬ್ರೆಡ್ಡು ಚಿಕ್ಕಪ್ಪ,” ಎಂದಳು ಮಗಳು. “ಯಾವತ್ತೂ ನಿನ್ನೇದೇ. ಹೊಸ ಬ್ರೆಡ್ಡು ರಸ ಕುಡಿದ್ರೆ ಮುದ್ದೆ ಆಗುತ್ತೆ. ಒಣಗಿದ್ದು ಕುಡಿದೂ ಗಟ್ಟಿ ನಿಲ್ಲುತ್ತೆ.”

ಮೈದುನ ತಾಯಿಯ ಕಡೆ ತಿರುಗಿದ. “ನಿಜಾನಾ ಅಮ್ಮ?”

ಅತ್ತೆ ಕಿಟಕಿಯ ಪಕ್ಕದ ಮಂಚದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. “ಜನಕ್ಕೆ ಹಳಸಿದ್ದು ಮಾರ್ತೀವಿ ಅಂತ ಡಂಗುರ ಹೊಡೀಬೇಕಿತ್ತಾ?”

“ನನಗೆ ಹೇಳ್ಬಹುದಿತ್ತಲ್ಲಾ! ನಾನು ಜನಾನಾ? ಆಮೇಲೆ ಅಪ್ಪ ಯಾಕೆ ಬಿಸಿ ಬ್ರೆಡ್ಡು ಅಂತಿದ್ರು? ಅಪ್ಪ ಹಳೇ ಬ್ರೆಡ್ಡಲ್ಲಿ ಯಾಕೆ ಮಾಡಿದ್ರು?”

“ನಿಮ್ಮಪ್ಪನಿಗೆ ಕೊನೇ ದಿನದವರೆಗೂ ಮೂವತ್ತೆರಡು ಹಲ್ಲೂ ಇತ್ತು!” ಎಂದರು ಅತ್ತೆ.

ಗಂಡ ಮೀನಿನ ತೊಟ್ಟಿಯಿಂದ ಇತ್ತ ತಿರುಗಿದ.

“ಅಜ್ಜಿ,” ಎಂದಳು ಮಗಳು ಮೆಲ್ಲಗೆ, “ಹಲ್ಲಿನ ಮಾತು ಯಾರೂ ಎತ್ತಲಿಲ್ಲವಲ್ಲ.”

ಅತ್ತೆಯ ಬಾಯಿ ತೆರೆದೇ ಇತ್ತು. ಒಬ್ಬೊಬ್ಬರ ಮುಖವನ್ನೂ ನೋಡಿದರು, ಯಾರೋ ತಮ್ಮಿಂದ ಆ ಮಾತನ್ನು ಕಿತ್ತುಕೊಂಡರೇನೋ ಎಂಬಂತೆ. ಆಮೇಲೆ ಸೆರಗನ್ನು ಮುಖಕ್ಕೆ ಒತ್ತಿಕೊಂಡರು. ಅವರು ಹೀಗೆ ಬಿಕ್ಕಿ ಅಳುವುದನ್ನು ಈ ಮನೆಯಲ್ಲಿ ಯಾರೂ ಹತ್ತು ವರ್ಷದಿಂದ ನೋಡಿರಲಿಲ್ಲ. ಬಟ್ಟೆಯೊಳಗಿಂದಲೇ ಮಾತು ಬಂತು. “ಅಷ್ಟು ದೊಡ್ಡ ಆಳು. ಒಂದು ಬಿಸ್ಕತ್ತು ಕಡಿಯೋಕಾಗ್ದೆ ನನ್ನೆದುರಿಗೆ ಕೂತು ಅತ್ರು. ಯಾರಿಗೂ ಹೇಳ್ಬೇಡ ಅಂತ ಭಾಷೆ ತಗೊಂಡ್ರು. ಇವಳು ಮಾಡಿದ್ಳು. ಇವಳೇ ಮಾಡಿದ್ದು. ನಾನು ಇಲ್ಲ ಅಂದ್ನಾ ಯಾವಾಗಾದ್ರೂ?”

“ಹೌದು ಅಂತಾನೂ ಅನ್ಲಿಲ್ಲ ಅತ್ತೆ,” ಎಂದಳು ಹಿರಿಸೊಸೆ.

ತಾನು ಬಯಸಿದ ಮಾತು ಹೀಗೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಬಂತು, ನಾಲ್ಕು ಜನರೆದುರೇ ಬಂತು. ಆದರೆ ಅಳುವ ಮುದುಕಿಯ ಸೆರಗಿನಿಂದ ಬಂದ ಮಾತನ್ನು ಎತ್ತಿ ತಲೆಯ ಮೇಲಿಟ್ಟುಕೊಳ್ಳುವುದು ಹೇಗೆ? ಅವಳು ಒಳಗೆ ಹೋಗಿ ಒಂದು ಲೋಟ ನೀರು ತಂದು ಅತ್ತೆಯ ಪಕ್ಕದಲ್ಲಿಟ್ಟಳು. ಅತ್ತೆ ಮುಟ್ಟಲಿಲ್ಲ.

ಮೊದಲು ಚೇತರಿಸಿಕೊಂಡವನು ಮೈದುನ. ಕುರ್ಚಿ ಎಳೆದು ಕೂತು, ನೋಟ್‌ಬುಕ್ಕು ತೆರೆದು, ಅಡಿಗೆರೆ ಎಳೆದ ಸಾಲನ್ನು ಹೊಡೆದುಹಾಕಿದ. “ಸರಿ. ಹಾಗಿದ್ರೆ ಅತ್ತಿಗೇದು. ಒಳ್ಳೇದೇ ಆಯ್ತು. ಅತ್ತಿಗೆ, ನೀವು ನಾಳೆಯಿಂದ ಬೆಳಗ್ಗೆ ನಾಲ್ಕಕ್ಕೆ ನಮ್ಮಲ್ಲಿಗೆ ಬಂದ್ಬಿಡಿ. ಅಲ್ಲಿದ್ದು ಮುಗಿಸಿ, ಬಸ್ಸು ಹಿಡಿದು ಆರೂವರೆಗೆ ಇಲ್ಲಿರ್ತೀರಿ. ಒಂದೆರಡು ತಿಂಗಳು ಅಷ್ಟೆ.”

“ಬಸ್ಸು ಐದೂಮುಕ್ಕಾಲಿಗೇ ಇದೆ,” ಎಂದ ಗಂಡ, ನೆರವಾಗುವ ದನಿಯಲ್ಲಿ.

ಹಿರಿಸೊಸೆ ಇಬ್ಬರನ್ನೂ ನೋಡಿದಳು. ನಗು ಬಂತು, ಆದರೆ ನಗಲೂ ಶಕ್ತಿ ಬೇಕು. “ಬರಲ್ಲ,” ಎಂದಳು.

“ಏನು?”

“ಈಗ ತಾನೇ ನನ್ನದು ಅಂದ್ರಲ್ಲ. ಐದು ನಿಮಿಷ ಆಗಿಲ್ಲ. ನನ್ನದಾದ್ರೆ ಕೊಡೋದು ಬಿಡೋದು ನಾನು ಹೇಳ್ಬೇಕು.” ಅವಳು ವಾರಗಿತ್ತಿಯ ಕಡೆ ತಿರುಗಿದಳು. “ನೀನು ಬಾ. ಎರಡು ವಾರ ದಿನಾ ಐದಕ್ಕೆ ಇಲ್ಲಿಗೆ ಬಾ, ನನ್ನ ಜೊತೆ ಕೈ ಹಾಕು. ಬರ್ಕೊಳ್ಳೋದು ಬೇಡ. ಮುಟ್ಟಿ ನೋಡು. ಆ ಎರಡು ವಾರ ಅಲ್ಲಿ ಚೀಸ್ ಮಾರ್ಲಿ ನಿನ್ನ ಗಂಡ.”

“ಬರ್ತೀನಿ ಅಕ್ಕ,” ಎಂದಳು ವಾರಗಿತ್ತಿ, ಗಂಡ ಬಾಯಿ ತೆರೆಯುವ ಮೊದಲೇ.

ಎರಡು ವಾರ ಹಿಂದಿನ ಕೋಣೆಯಲ್ಲಿ ಇಬ್ಬರು ಹೆಂಗಸರು. ವಾರಗಿತ್ತಿ ಮಾತಿನ ಮಲ್ಲಿ, ಕೈಯೂ ಅಷ್ಟೇ ಚುರುಕು. ಮೊದಮೊದಲು ಬ್ರೆಡ್ಡಿನ ಹೊಟ್ಟೆಯನ್ನು ತೀರಾ ತೆಳ್ಳಗೆ ಬಗೆದು ತೂತು ಮಾಡುತ್ತಿದ್ದಳು. “ಒಳಗಿಂದ ಬೆರಳು ಒತ್ತು. ನಿನ್ನ ಮೂಗಿನ ತುದಿ ಎಷ್ಟು ಗಟ್ಟಿಯೋ ಅಷ್ಟು ಉಳೀಬೇಕು,” ಎಂದು ಹಿರಿಸೊಸೆ ತೋರಿಸಿದಳು. ವಾರಗಿತ್ತಿ ಒಂದು ಕೈ ಬ್ರೆಡ್ಡಿನಲ್ಲೂ ಇನ್ನೊಂದು ಕೈ ಮೂಗಿನ ಮೇಲೂ ಇಟ್ಟು ಕಲಿತಳು. ಮೂಗಿಗೆಲ್ಲ ಬ್ರೆಡ್ಡಿನ ಪುಡಿ.

ಅತ್ತೆ ಕೆಳಗಿಳಿಯುವುದನ್ನು ಬಿಟ್ಟಿದ್ದರು. ಎತ್ತರದ ಕುರ್ಚಿ ಖಾಲಿ. ಸೊಸೆ ಊಟ ತಂದಿಟ್ಟರೆ ತಿನ್ನುತ್ತಿದ್ದರು, ಆದರೆ ಮಾತಿಲ್ಲ. ಮೊಮ್ಮಗಳ ಹತ್ತಿರ ಮಾತ್ರ ಒಂದು ದಿನ, “ಬೀದಿಯೋರಿಗೆಲ್ಲ ಗೊತ್ತಾಯ್ತೇನೇ?” ಎಂದು ಕೇಳಿದರಂತೆ.

“ಯಾರಿಗೂ ಹೇಳಿಲ್ಲ ಅಂದೆ ಅಮ್ಮ. ನಂಬಲ್ಲ ಅಜ್ಜಿ. ಜನ ನಗೋದು ಕೇಳಿಸ್ತಿದೆ ಅಂತಾರೆ. ಕೆಳಗೆ ಜನ ನಗೋದು ಅಪ್ಪನ ಜೋಕಿಗೆ.”

“ಅಪ್ಪನ ಜೋಕಿಗೂ ನಗ್ತಾರಾ?”

“ಅವರ ಅವಸ್ಥೆ ನೋಡಿ ನಗ್ತಾರೆ. ಚೀಟಿ ಹರಿದು ಬ್ರೆಡ್ಡು ಕೊಡೋ ಬದ್ಲು ಬ್ರೆಡ್ಡು ಹರಿದು ಚೀಟಿ ಕೊಟ್ರು ಇವತ್ತು.”

ಅತ್ತೆ ಇಲ್ಲದೆ ಹಣ ತೆಗೆದುಕೊಳ್ಳುವ ಕೆಲಸವೂ ಗಂಡನ ಮೇಲೆ ಬಿದ್ದಿತ್ತು. ಸಂಜೆ ಮೇಲೆ ಬಂದು ಅವನು ಮಾತಿಲ್ಲದೆ ಬಿಸಿನೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದ. ಒಂದು ದಿನ ಅವಳಿಗೂ ಅದೇ ಬೋಗುಣಿಯಲ್ಲಿ ಜಾಗ ಮಾಡಿದ. “ಇಷ್ಟು ವರ್ಷ ಹೇಗೆ ನಿಂತ್ಯೇ?” ಎಂದು ಕೇಳಿದ. ನೀರು ಆಗಲೇ ಆರಿತ್ತು. ಅವಳು ಕಾಲಿಟ್ಟಳು.

ಎರಡನೆಯ ವಾರದ ಕೊನೆಗೆ ವಾರಗಿತ್ತಿ ಒಬ್ಬಳೇ ಮಾಡಿದ ಹತ್ತು ಸ್ಯಾಂಡ್‌ವಿಚ್ಚು ಬಟ್ಟೆಯಿಂದ ಇಡಿಯಾಗಿ ಬಿಚ್ಚಿಕೊಂಡವು. ಗಂಡ ಅವನ್ನೂ ಉಳಿದವುಗಳ ಜೊತೆ ಸೇರಿಸಿ ಮಾರಿದ. ಯಾರೂ ವ್ಯತ್ಯಾಸ ಹೇಳಲಿಲ್ಲ. ವಾರಗಿತ್ತಿ ಕುಣಿಯುವುದೊಂದು ಬಾಕಿ. ಹಿರಿಸೊಸೆಗೆ ಒಳಗೇ ಎಲ್ಲೋ ಚುಚ್ಚಿತು. ಹನ್ನೆರಡು ವರ್ಷದ ಕೆಲಸವನ್ನು ಒಬ್ಬಳು ಹದಿನಾಲ್ಕು ದಿನದಲ್ಲಿ ಕಲಿತಿದ್ದಳು. ಚುಚ್ಚಿದರೂ, ಮಧ್ಯಾಹ್ನ ಒಂದು ಗಂಟೆ ಅವಳ ಕೈಗೆ ಬಿಟ್ಟು ಮೇಲೆ ಹೋಗಿ ಮಲಗಿದಳು.

ಭಾನುವಾರ ಮೈದುನ ಊಟಕ್ಕೆ ಬಂದ. ಮುಖದಲ್ಲಿ ಕಳೆ ಮರಳಿತ್ತು. ಅತ್ತೆ ಒಂದು ತುದಿಯಲ್ಲಿ, ಸೊಸೆ ಇನ್ನೊಂದು ತುದಿಯಲ್ಲಿ. ಬಡಿಸಿದ್ದು ವಾರಗಿತ್ತಿ.

“ನಾಳೆಯಿಂದ ಮತ್ತೆ ಶುರು,” ಎಂದ ಮೈದುನ. “ಹಳೇ ಬೋರ್ಡು ಇಳಿಸ್ಬಿಟ್ಟೆ. ಅದನ್ನ ನೋಡಿದ್ರೆ ಆ ಗಡ್ಡದೋನ ನಗು ನೆನಪಾಗುತ್ತೆ. ಬೇರೆ ಬರ್ದಿದ್ದೀನಿ ಅತ್ತಿಗೆ. ಈ ಸಲ ಪೂರ್ತಿ ಸತ್ಯ. ನೀವು ಖುಷಿಪಡ್ತೀರಿ.” ಅವನು ಕಾಗದ ಬಿಚ್ಚಿದ. “‘ಹಲ್ಲೆಲ್ಲ ಉದುರಿ, ತುತ್ತು ಅಗಿಯಲಾರದೆ, ಹಸಿವಿನಿಂದ ಕಣ್ಣೀರಿಡುತ್ತಿದ್ದ ಮುದಿ ಮಾವನಿಗಾಗಿ ಹಿರಿಸೊಸೆ ಪ್ರೀತಿಯಿಂದ...’”

“ಅಯ್ಯೋ ಚಿಕ್ಕಪ್ಪ,” ಎಂದಳು ಮಗಳು.

“ಏನೇ ಅಯ್ಯೋ? ಜನ ಅಳ್ತಾರೆ ಕಣೆ! ಅತ್ಕೊಂಡು ಎರಡೆರಡು ತಗೋತಾರೆ. ಅಪ್ಪನ ಫೋಟೋ ಪಕ್ಕದಲ್ಲಿ ಹಾಕಿಸ್ತೀನಿ. ಕೆನ್ನೆ ಗುಳಿಬಿದ್ದದ್ದು ಒಂದು ಇದೆ.”

ಅತ್ತೆ ತಟ್ಟೆಯನ್ನೇ ನೋಡುತ್ತಿದ್ದರು. ಚಮಚ ಹಿಡಿದ ಕೈ ಮೇಜಿನ ಮೇಲೆ ಸಣ್ಣಗೆ ಬಡಿಯುತ್ತಿತ್ತು, ಟಕ ಟಕ ಟಕ. ಅದು ಅವರಿಗೆ ಗೊತ್ತಿದ್ದಂತಿರಲಿಲ್ಲ.

ಹಿರಿಸೊಸೆ ಕೈ ಚಾಚಿ ಮೈದುನನ ಕೈಯಿಂದ ಕಾಗದ ತೆಗೆದುಕೊಂಡಳು. ಹಿರಿಸೊಸೆ ಎಂಬ ಪದದ ಮೇಲೆ ಕಣ್ಣು ನಿಂತಿತು. ಅದನ್ನು ಹೀಗೆ ಬರೆದದ್ದನ್ನು ನೋಡಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತು. ಅದರ ಮುಂದೆಯೂ ಹಿಂದೆಯೂ ಮಾವ ಬಾಯಿ ಬಿಟ್ಟು ನಿಂತಿದ್ದರು. ಐದನೆಯ ದಿನ ಗಾಜಿನ ಕಪಾಟಿನ ಹಿಂದೆ ತುದಿಯವರೆಗೂ ತಿಂದು ಮುಗಿಸಿ, ಕೈಯ ಪುಡಿ ಕೊಡವಿಕೊಂಡು, ಯಾರೂ ಕೇಳದ ಹಾಗೆ ಹಿಂದಿನ ಕೋಣೆಯ ಪರದೆ ಸರಿಸಿ, ‘ಚೆನ್ನಾಗಿತ್ತು ತಾಯಿ’ ಎಂದಿದ್ದರು. ಅದಾದ ಮೇಲೆ ಒಂದು ದಿನವೂ ಹೇಳಿರಲಿಲ್ಲ.

“ಪೆನ್ನು ಕೊಡಿ,” ಎಂದಳು.

ಹಲ್ಲು, ತುತ್ತು, ಕಣ್ಣೀರು ಎಲ್ಲದರ ಮೇಲೂ ಗೆರೆ ಎಳೆದಳು. ಪ್ರೀತಿಯಿಂದ ಎಂಬುದನ್ನೂ ಹೊಡೆದಳು. ಹಿರಿಸೊಸೆ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಅವಳು ತಲೆಯೆತ್ತಿ ಮೇಜಿನ ಆ ತುದಿಗೆ ನೋಡಿದಳು.

“ಅತ್ತೆ, ಏನು ಬರೀಲಿ?”

ಚಮಚದ ಸದ್ದು ನಿಂತಿತು. ಎರಡೂವರೆ ವಾರದ ಮೇಲೆ ಅತ್ತೆ ಸೊಸೆಯ ಮುಖ ನೋಡಿದರು. “ನೀನು ಮಾಡಿದ್ದು ಅಂತ ಬರಿ,” ಎಂದರು. ಚಮಚವನ್ನು ತಟ್ಟೆಯ ಪಕ್ಕಕ್ಕಿಟ್ಟರು. “ಯಾಕೆ ಮಾಡ್ದೆ ಅನ್ನೋದು ಯಾರಿಗೂ ಬೇಡ.”

ಅವಳು ಕೆಳಗೆ ಒಂದು ಸಾಲು ಬರೆದು ಕಾಗದವನ್ನು ಮೈದುನನ ಕಡೆ ತಳ್ಳಿದಳು. ಅವನು ಓದಿದ. ತಿರುಗಿಸಿ ಹಿಂದೆ ನೋಡಿದ. ಹಿಂದೆ ಏನೂ ಇರಲಿಲ್ಲ.

“‘ಇದನ್ನು ಮಾಡಿದ್ದು ನಮ್ಮ ಹಿರಿಸೊಸೆ.’ ಅಷ್ಟೇನಾ? ಇದ್ರಲ್ಲಿ ಕಥೆ ಎಲ್ಲಿದೆ ಅತ್ತಿಗೆ? ಆರಡಿ ಬೋರ್ಡಿಗೆ ನಾಲ್ಕು ಪದ! ಪೇಂಟರ್ ನಗ್ತಾನೆ. ಉಳಿದ ಜಾಗದಲ್ಲಿ ಏನು ಬರ್ಸ್ಲಿ?”

ಹಿರಿಸೊಸೆ ತಣ್ಣಗಾದ ಆಲೂಗಡ್ಡೆಯನ್ನು ಚಮಚದಲ್ಲಿ ಮುರಿದಳು.

“ಏನೂ ಬೇಡ,” ಎಂದರು ಅತ್ತೆ. “ಅಕ್ಷರ ದೊಡ್ಡದು ಮಾಡ್ಸು.”